ಗಚ್ಚಿಯ ಬಿಸಿಲು

ಯುಗಾದಿ ಕಳೆದು ನಾಲ್ಕು ದಿನವಾಗುವುದರೊಳಗೆ ಈರಬಸಪ್ಪನವರ ಮನೆಯಲ್ಲಿ ಸಂಡಿಗೆ ಹಾಕುವ ಕೆಲಸ ಶುರುವಾಗುತ್ತಿತ್ತು. ಹಿರಿಯ ಸೊಸೆ ಗೌರಾಬಾಯಿಯ ಮುಖ ಉರಿಯುವುದೂ ಆಗಲೇ ಶುರುವಾಗುತ್ತಿತ್ತು.

ಈರಬಸಪ್ಪನವರು ವಿಜಾಪುರದ ಕಡೆಯವರು. ಹರೆಯದಲ್ಲೇ ಪುಣೆಗೆ ಬಂದು, ಮಾರ್ಕೆಟ್ ಯಾರ್ಡಿನ ಕಾಳುಕಡಿಯ ದಲಾಲಿ ನಡೆಸುವ ಅಡತಿ ಅಂಗಡಿಯೊಂದರಲ್ಲಿ ಗುಮಾಸ್ತರಾಗಿ ದುಡಿದು, ಕೋಥರೂಡಿನಲ್ಲಿ ಒಂದು ಫ್ಲ್ಯಾಟು ಮಾಡಿಕೊಂಡಿದ್ದರು. ಅವರು ಕೆಲಸ ಬಿಟ್ಟ ಮೇಲೆ ಹೆಂಡತಿ ಚನ್ನಬಸವ್ವನ ಕೈರುಚಿಯೇ ಮನೆಯ ವ್ಯಾಪಾರವಾಯಿತು. ಅಕ್ಕಿ ಸಂಡಿಗೆ, ಸಾಬಕ್ಕಿಯ ಶಾಬು ಸಂಡಿಗೆ, ಹಪ್ಪಳ, ಬ್ಯಾಡಗಿ ಮೆಣಸಿನಕಾಯಿಯ ಖಾರದಪುಡಿ. ಕನ್ನಡದವರಷ್ಟೇ ಅಲ್ಲ, ಸೊಸಾಯಿಟಿಯ ಮರಾಠಿ ಹೆಂಗಸರೂ ಮನೆಗೇ ಬಂದು ಒಯ್ಯುತ್ತಿದ್ದರು. ಕರಾವಳಿಯ ಮೋಹನದಾಸ್ ಎಂಬವರ ಹೋಟೆಲಿಗೆ ವರ್ಷದ ಖಾರದಪುಡಿಯೆಲ್ಲ ಇಲ್ಲಿಂದಲೇ ಹೋಗುತ್ತಿತ್ತು. ಮನೆ ಮೂರನೆಯ ಅಂತಸ್ತಿನಲ್ಲಿತ್ತು, ಅದರ ಮೇಲೆ ಗಚ್ಚಿ. ಬೇಸಿಗೆಯುದ್ದಕ್ಕೂ ಆ ಗಚ್ಚಿಯ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ ಸಂಡಿಗೆ ಇಡುವವಳು, ಮಗುಚುವವಳು, ಪಾರಿವಾಳ ಕಾಯುವವಳು ಗೌರಾಬಾಯಿ.

ಎರಡು ಸಾವಿರದ ನಾಲ್ಕನೆಯ ಇಸವಿಯ ಆ ಬೆಳಿಗ್ಗೆ ಗೌರಾಬಾಯಿ ಅಕ್ಕಿ ಹಿಟ್ಟಿನ ಪಾತ್ರೆ ಇಳಿಸುತ್ತ, "ಸಪ್ನಾ ಇವತ್ತ ರಜಾ ಹಾಕ್ಯಾಳ. ಇಬ್ರೂ ಕೂಡಿ ಹೋಗ್ತೀವ್ರಿ ಅತ್ತ್ಯಾರ, ಲಗೂ ಮುಗೀತದ," ಎಂದಳು.

ಸಪ್ನಾ ಕಿರಿಯ ಸೊಸೆ, ರೋಹಿತನ ಹೆಂಡತಿ. ಸಾಲ ಕೊಡುವ ಸಹಕಾರಿ ಪತಪೇಢಿಯೊಂದರಲ್ಲಿ ಕೆಲಸಕ್ಕಿದ್ದಳು. ಸ್ಕೂಟಿ ಮೇಲೆ ಹೋಗುವಾಗ ಕಣ್ಣೆರಡು ಬಿಟ್ಟು ಮುಖಪೂರ್ತಿ ಸ್ಕಾರ್ಫ್ ಸುತ್ತಿ, ಮೊಣಕೈವರೆಗೆ ಕೈಗವಸು ಹಾಕಿಕೊಳ್ಳುತ್ತಿದ್ದಳು.

"ಆಕೀನ್ಯಾಕ ಕರೀತಿ?" ಎಂದಳು ಚನ್ನಬಸವ್ವ. "ಹಾಲಿನಂಥಾ ಬಣ್ಣ ಆಕೀದು. ಒಂದ ದಿನ ನಿಂತ್ರ ಕರ್ರಗಾಗಿ ಕೂಡ್ತಾಳ. ನಿನಗೇನ ಆಗೋದದ? ನೀ ಹೋಗು."

ಫ್ಯಾನಿನ ಕೆಳಗೆ ತಲೆ ಬಾಚಿಕೊಳ್ಳುತ್ತಿದ್ದ ಸಪ್ನಾ ಬಾಚಣಿಗೆ ನಿಲ್ಲಿಸಿದಳು, ಒಂದು ಗಳಿಗೆ ಬಿಟ್ಟು ಮತ್ತೆ ಬಾಚಿಕೊಂಡಳು.

ಗೌರಾಬಾಯಿ ಮದುವೆಯಾಗಿ ಬಂದಾಗ ಕಪ್ಪಗಿದ್ದರೂ ಮುಖ ಒಂದೇ ಸಮನಾಗಿತ್ತು. ಮಗಳು ಶಿವಾನಿ ಹುಟ್ಟಿದ ಮೇಲೆ ಕೆನ್ನೆಯ ಮೇಲೆ ಕಂದುಕಪ್ಪು ಕಲೆಯಾಗಿ ಬಂಗು ಕಾಣಿಸಿಕೊಂಡಿತು. ವರ್ಷವರ್ಷವೂ ಗಚ್ಚಿಯ ಬಿಸಿಲಿಗೆ ಅದು ಹರಡುತ್ತ, ಈಗ ಎರಡೂ ಕೆನ್ನೆ, ಹಣೆ, ಮೇಲ್ದುಟಿಯವರೆಗೆ ಬಂದಿತ್ತು. ಮಧ್ಯಾಹ್ನ ಇಳಿದು ಬಂದರೆ ತಣ್ಣೀರು ಎರಚಿಕೊಂಡರೂ ಚರ್ಮ ಚುರುಚುರು ಎನ್ನುತ್ತಿತ್ತು.

ಒಂದು ದಿನ ಊಟದ ಹೊತ್ತಿನಲ್ಲಿ ತಾನಾಗಿ ಬಾಯಿ ಬಿಟ್ಟು ಕೇಳಿದಳು: "ಸಪ್ನಾ, ನಿನ್ನ ಸನ್‌ಸ್ಕ್ರೀನ್ ಒಂಚೂರು ಕೊಡವಾ. ಮಾರಿ ಭಾಳ ಉರೀಲಿಕತ್ತದ."

ಸಪ್ನಾ ಏಳುವುದರೊಳಗೆ ಚನ್ನಬಸವ್ವ ನಕ್ಕಳು. "ಅದು ಬಿಸಲಾಗ ಕಪ್ಪಾಗಬಾರದಂತ ಹಚ್ಚೋದು. ಮೊದಲ ಕಪ್ಪ ಇದ್ದವರಿಗೆ ಯಾಕ? ಎಮ್ಮಿ ಮೈ ತಿಕ್ಕಿದ್ರ ಆಕಳಾಗ್ತದೇನ?"

ರೊಟ್ಟಿ ಮುರಿಯುತ್ತಿದ್ದ ಚನ್ನವೀರ, ಗೌರಾಬಾಯಿಯ ಗಂಡ, ಘೊಳ್ಳೆಂದು ನಕ್ಕುಬಿಟ್ಟ. ಕಾತ್ರಜದ ಹತ್ತಿರ ಲಾರಿ ಟ್ರಾನ್ಸ್‌ಪೋರ್ಟ್ ಕಚೇರಿಯಲ್ಲಿ ಬುಕಿಂಗ್ ನೋಡುತ್ತಿದ್ದ ಅವನು ಸ್ವಭಾವದಿಂದ ಕೆಟ್ಟವನಲ್ಲ. ನಕ್ಕ ಮೇಲೆ ಹೆಂಡತಿಯ ಮುಖ ನೋಡಿ, "ಕಸ್ತೂರಿನೂ ಕರೀನ ಇರ್ತದ ಬಿಡು," ಎಂದು ಸಮಾಧಾನ ಹೇಳಿದ. ಗೌರಾಬಾಯಿ ಹಂಚಿನ ಮೇಲಿನ ರೊಟ್ಟಿಯನ್ನು ಎಷ್ಟು ಜೋರಾಗಿ ಒತ್ತಿದಳೆಂದರೆ ಅದು ನಡುವೆ ಹರಿದುಹೋಯಿತು. ಅತ್ತೆಯ ಮಾತು ಅವಳಿಗೆ ಹೊಸದಲ್ಲ. ಗಂಡನ ನಗೆ ಮಾತ್ರ ಅಂದು ರಾತ್ರಿವರೆಗೂ ಕಿವಿಯಲ್ಲಿತ್ತು.

ಅದಾಗಿ ಒಂದು ವಾರಕ್ಕೆ ಸೊಸಾಯಿಟಿಯ ಹೊಸ ಬಾಡಿಗೆದಾರಳೊಬ್ಬಳು ಹಪ್ಪಳಕ್ಕೆಂದು ಬಂದಳು. ಗೌರಾಬಾಯಿ ಪಾಕೀಟು ಕೊಡಲು ಹೋದರೆ ಆಕೆ ಕೈ ಚಾಚದೆ, "ಅಹೋ ವಹಿನಿ, ಚೇಹರ್‍ಯಾಲಾ ಕಾಯ್ ಝಾಲಂ?" ಎಂದು ಮುಖಕ್ಕೇನಾಗಿದೆಯೆಂದು ಕೇಳಿದಳು. ಅಂಟುವ ರೋಗವೇನೂ ಅಲ್ಲವಲ್ಲ ಎಂದೂ ಕೇಳಿದಳು. ಆಮೇಲೆ ನೋಡುತ್ತೇನೆಂದು ಬರಿಗೈಯಲ್ಲೇ ಹೋದಳು.

ಚನ್ನಬಸವ್ವ ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದಳು. "ಹೆಸರಷ್ಟ ಗೌರಿ! ಇಂಥಾ ಮಾರಿ ಇಟಗೊಂಡು ಬಾಗಿಲಿಗೆ ಬಂದ್ರ ಯಾರ ತಗೋತಾರ ನಮ್ಮ ಮಾಲು?"

"ಬಂಗ ಎದಕ್ಕ ಬಂದದ ಅಂತ ನಿಮಗ ಗೊತ್ತಿಲ್ಲೇನ್ರಿ?"

"ಎದಕ್ಕ ಬಂದದ?"

"ನಿಮ್ಮ ಸಂಡಿಗೀಗೆ."

"ನಾನೂ ಹಾಕೀನವಾ ಮೂವತ್ತ ವರ್ಷ ಸಂಡಿಗಿ. ನನಗ್ಯಾಕ ಬರಲಿಲ್ಲ?"

ಅಂದು ಸಂಜೆಯೇ ಚನ್ನಬಸವ್ವ ಮೂಲೆಯ ಮೆಡಿಕಲ್ ಅಂಗಡಿಯಿಂದ ಒಂದು ಸಣ್ಣ ಟ್ಯೂಬು ತಂದಳು. ಡಾಕ್ಟರ ಚೀಟಿಯನ್ನು ಅಂಗಡಿಯವನು ಕೇಳಿರಲಿಲ್ಲ. ಬೆಳ್ಳಗಾಗುವ ಮುಲಾಮು, ನಾಲ್ಕು ಮನೆಯ ಹೆಂಗಸರು ಹಚ್ಚುತ್ತಾರೆ ಎಂದು ಹೇಳಿ ಕೊಟ್ಟಿದ್ದ. "ದಿನಾ ರಾತ್ರಿ ಹಚ್ಗೊ. ಗಿರಾಕಿ ಮುಂದ ನಿಲ್ಲೂವಂಗ ಆಗು ಮೊದಲ," ಎಂದಳು ಅತ್ತೆ.

ಗೌರಾಬಾಯಿಗೆ ಟ್ಯೂಬನ್ನು ಕಿಟಕಿಯಿಂದ ಎಸೆಯಬೇಕೆನ್ನಿಸಿತು. ಎಸೆಯಲಿಲ್ಲ, ಹಚ್ಚಿಕೊಂಡಳು. ಎರಡು ವಾರದಲ್ಲಿ ಬಂಗು ತಿಳಿಯಾಯಿತು, ಕೆನ್ನೆ ನುಣ್ಣಗೆ ಹೊಳೆಯಿತು. ಹೋಟೆಲಿನ ಮೋಹನದಾಸ್ ಕೂಡ ಖಾರದಪುಡಿ ಒಯ್ಯಲು ಬಂದವರು, "ಏನಕ್ಕಾ, ಈ ಸಲ ಚೆಂದ ಕಾಣ್ತೀರಲ್ಲ," ಎಂದರು. ಚನ್ನವೀರ ಒಂದು ಬೆಳಿಗ್ಗೆ ಚಹಾ ಕಪ್ಪು ಹಿಡಿದು ನಿಂತು, "ಏನಲೇ, ಹೊಸಾ ಮದಲಗಿತ್ತಿ ಆದ್ಯಲ್ಲಾ," ಎಂದ. ಆ ಮಾತು ಅವಳಿಗೆ ಹಿತವಾಯಿತು. ಹಿತವಾದದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು.

ಮೇ ತಿಂಗಳು ಹುಟ್ಟಿತು, ಮೋಹನದಾಸರ ಹೋಟೆಲಿನಿಂದ ಶಾಬು ಸಂಡಿಗೆಯ ದೊಡ್ಡ ಆರ್ಡರು ಬಂತು. ಎರಡು ದಿನ ಮಧ್ಯಾಹ್ನ ಗಚ್ಚಿಯ ಮೇಲೆ ನಿಂತಳೋ ಇಲ್ಲವೋ, ಮುಖ ಬಾತುಕೊಂಡಿತು. ಕೆನ್ನೆಯ ಮೇಲೆ ಕೆಂಪು ನರಗಳು ಎದ್ದವು, ಗದ್ದದ ಸುತ್ತ ಗುಳ್ಳೆಗಳಾದವು. ಖಾರ ಕುಟ್ಟುವಾಗ ಎದ್ದ ಘಾಟಿಗೆ ಮುಖದ ಮೇಲೆ ಕೆಂಡ ಸುರಿದಂತಾಗಿ ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟಳು. ಟ್ಯೂಬು ಬಿಟ್ಟರೆ ಉರಿ ಹೆಚ್ಚುತ್ತಿತ್ತು. ಹಚ್ಚಿದರೆ ಒಂದು ತಾಸು ತಣ್ಣಗಾಗಿ ಮತ್ತೆ ಉರಿಯುತ್ತಿತ್ತು.

"ಹೆಚ್ಚ ಹಚ್ಚಿರಬೇಕ ನೀ," ಎಂದಳು ಚನ್ನಬಸವ್ವ.

"ಅಜ್ಜಿ, ನೀನ ತಂದಕೊಟ್ಟೀದಿ ಅದನ್ನ," ಎಂದಳು ಶಿವಾನಿ. ಹದಿಮೂರರ ಹುಡುಗಿ, ತಾಯಿಯ ಬಣ್ಣ, ತಾಯಿಯದೇ ಮೂಗು.

"ನಿನ್ನ ಕೇಳಿದ್ನೇನ? ಒಳಗ ಹೋಗು."

ಗೌರಾಬಾಯಿಯನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದವಳು ಸಪ್ನಾ. ಮರುದಿನ ಕೆಲಸದಿಂದ ಅರ್ಧ ದಿನ ಬಿಡಿಸಿಕೊಂಡು ಬಂದು, ತನ್ನ ಸ್ಕಾರ್ಫನ್ನು ಓರಗಿತ್ತಿಯ ಮುಖಕ್ಕೆ ಸುತ್ತಿ, ಸ್ಕೂಟಿಯ ಹಿಂದೆ ಕೂರಿಸಿಕೊಂಡಳು. ಚರ್ಮದ ಡಾಕ್ಟರು ನಡುವಯಸ್ಸಿನ ಮರಾಠಿ ಹೆಂಗಸು, ತಾವೂ ಕಪ್ಪಗಿದ್ದವರು. ಟ್ಯೂಬನ್ನು ನೋಡುತ್ತಲೇ ಮೇಜಿನ ಮೇಲೆ ಕುಕ್ಕಿದರು.

"ಇದನ್ನು ಯಾರು ಕೊಟ್ಟರು ನಿಮಗೆ? ಇದರಲ್ಲಿ ಸ್ಟೆರಾಯ್ಡ್ ಇದೆ. ನಿಮ್ಮ ಚರ್ಮ ಕಾಗದದ ಹಾಗೆ ತೆಳ್ಳಗಾಗಿದೆ. ಅದರ ಮೇಲೆ ಮೇ ತಿಂಗಳ ಬಿಸಿಲು!"

"ನಾ ಕಪ್ಪ ಇದ್ದೀನಿ, ನನಗ ಬಿಸಲ ಏನೂ ಮಾಡಂಗಿಲ್ಲ ಅಂತಾರ್ರಿ ಮನ್ಯಾಗ," ಎಂದು ಗೌರಾಬಾಯಿ ತನಗೆ ಬಂದ ಮರಾಠಿಯಲ್ಲಿ ಹೇಳಿದಳು.

ಡಾಕ್ಟರರಿಗೂ ಸಿಟ್ಟು ಬಂದಿತ್ತು. "ಎಲ್ಲರೂ ಅದನ್ನೇ ಹೇಳುತ್ತಾರೆ. ಕಪ್ಪು ಚರ್ಮಕ್ಕೆ ಹುಟ್ಟಿನಿಂದ ಸ್ವಲ್ಪ ರಕ್ಷಣೆ ಇರುತ್ತದೆ, ನಿಜ. ಸ್ವಲ್ಪ, ಅಷ್ಟೇ. ಸುಟ್ಟರೆ ನಿಮ್ಮಲ್ಲಿ ಕೆಂಪಗೆ ಕಾಣುವುದಿಲ್ಲ, ಅದಕ್ಕೇ ಜನ ಸುಡುವುದೇ ಇಲ್ಲ ಅಂದುಕೊಳ್ಳುತ್ತಾರೆ. ಬಂಗು ಜಾಸ್ತಿ ಬರುವುದು ನಮ್ಮಂಥ ಚರ್ಮಕ್ಕೇ. ಬಂತೆಂದರೆ ಸುಲಭಕ್ಕೆ ಹೋಗುವುದೂ ಇಲ್ಲ."

ಟ್ಯೂಬು ಬಿಟ್ಟ ಮೇಲೆ ಕೆಲವು ವಾರ ಉರಿ ಹೆಚ್ಚಾದೀತು, ತಡೆದುಕೊಳ್ಳಿ ಎಂದರು. ಉರಿ ಇಳಿಯಲು ಬೇರೆ ಮದ್ದು ಬರೆದರು. ನಿಂಬೆಹಣ್ಣು, ಕಡಲೆಹಿಟ್ಟು ಹಾಕಿ ತಿಕ್ಕಬೇಡಿ, ಮೆತ್ತಗಿನ ಸಾಬೂನು ಸಾಕು, ಮುಖ ಒಣಗಲು ಬಿಡಬೇಡಿ ಎಂದರು. ಬೆಳಿಗ್ಗೆ ಸನ್‌ಸ್ಕ್ರೀನ್ ಹಚ್ಚಿ, ಹೊರಗೇ ಇದ್ದರೆ ಎರಡು ತಾಸಿಗೊಮ್ಮೆ ಮತ್ತೆ ಹಚ್ಚಿ, ತಲೆ ಮುಖ ಕುತ್ತಿಗೆ ಮುಚ್ಚಿಕೊಳ್ಳಿ, ಹತ್ತರಿಂದ ನಾಲ್ಕರ ತನಕ ಬಿಸಿಲಿಗೆ ಹೋಗಲೇಬೇಡಿ ಎಂದರು.

ದಾರಿಯಲ್ಲಿ ಸಪ್ನಾ ಒಂದು ಸನ್‌ಸ್ಕ್ರೀನ್ ಕೊಂಡು ಅವಳ ಕೈಗಿಟ್ಟಳು. ಗೌರಾಬಾಯಿ ತೆಗೆದುಕೊಂಡಳು. ಥ್ಯಾಂಕ್ಸ್ ಅನ್ನಲು ಮನಸ್ಸು ಬರಲಿಲ್ಲ.

ರಾತ್ರಿ ಊಟಕ್ಕೆ ಎಣ್ಣಿಗಾಯಿ ಮಾಡಿತ್ತು. ಮೊದಲ ರೊಟ್ಟಿ ಮುಗಿಯುವುದರೊಳಗೆ ಮಾತು ಎದ್ದಿತು.

"ಹತ್ತರಿಂದ ನಾಕರ ತನಕ ಹೋಗಬಾರದಂದ್ರ ಸಂಡಿಗಿ ಯಾರ ನೋಡಬೇಕು?" ಎಂದಳು ಚನ್ನಬಸವ್ವ. "ಪಾರಿವಾಳ ಹಿಕ್ಕಿ ಹಾಕಿ ಹೋಗ್ತಾವ."

"ಯಾರಾದ್ರೂ ನೋಡ್ರಿ," ಎಂದಳು ಗೌರಾಬಾಯಿ.

"ಒಂದ ತಿಂಗಳದ ಮಾತು ಗೌರಾ. ಸೆರಗ ಮುಚಗೊಂಡು ಹೋಗಿಬಿಡು," ಎಂದ ಚನ್ನವೀರ.

"ನೀವ ಹೋಗ್ರಲಾ."

"ನಾ ಗಂಡಸು, ಸಂಡಿಗಿ ಕಾಯ್ಲೇನ?"

"ಬಿಸಿಲಿಗೆ ಗಂಡಸು ಹೆಂಗಸು ಗೊತ್ತಿಲ್ರಿ. ಕರಿ, ಬಿಳಿ, ಅದೂ ಗೊತ್ತಿಲ್ಲಂತ. ಈ ಮನಿಯವರಿಗೆ ಅಷ್ಟ ಗೊತ್ತು."

"ಡಾಕ್ಟರ್ ಕಡೆ ಹೋಗಿ ಬಂದು ಬಾಯಿ ಕಲ್ತಬಂದಿ," ಎಂದಳು ಚನ್ನಬಸವ್ವ. "ಮುಲಾಮ ತಂದು ಕೊಟ್ಟವರ ಕೆಟ್ಟವರಾದ್ರು."

ಈರಬಸಪ್ಪನವರು ಮಜ್ಜಿಗೆ ಕುಡಿದು, ಬಟ್ಟಲು ಕೆಳಗಿಟ್ಟು, ಯಾರ ಪರವಾಗಿಯೂ ಏನೂ ಹೇಳದೆ ಕೈ ತೊಳೆಯಲು ಎದ್ದರು. ಅದು ಅವರ ಹಳೆಯ ರೂಢಿ.

ಗೌರಾಬಾಯಿ ತಾನು ಹೇಳಿದಂತೆಯೇ ನಡೆದಳು. ಬೆಳಿಗ್ಗೆ ಬೇಗ ಹೋಗಿ ಸಂಡಿಗೆ ಇಟ್ಟು ಬರುತ್ತಿದ್ದಳು, ಬಿಸಿಲೇರಿದ ಮೇಲೆ ಮೆಟ್ಟಿಲು ಹತ್ತುತ್ತಿರಲಿಲ್ಲ. ಕೆಲವು ದಿನ ಚನ್ನಬಸವ್ವನೇ ಮಧ್ಯಾಹ್ನ ಮೊಣಕಾಲು ಹಿಡಿದುಕೊಂಡು, ಮನೆಗೆಲ್ಲ ಕೇಳುವಂತೆ ಶಿವಶಿವಾ ಎನ್ನುತ್ತ ಹತ್ತಿ ಇಳಿದಳು. ಗೌರಾಬಾಯಿ ಆ ನರಳಾಟಕ್ಕೆ ಕಿವಿಗೊಡಲಿಲ್ಲ. ಡಾಕ್ಟರು ಹೇಳಿದಂತೆಯೇ ಮುಖದ ಉರಿ ಹೆಚ್ಚಾಗಿತ್ತು. ಒದ್ದೆ ಬಟ್ಟೆ ಮುಖದ ಮೇಲೆ ಹಾಕಿಕೊಂಡು, ಹಲ್ಲು ಕಚ್ಚಿಕೊಂಡು ದಿನ ತಳ್ಳುತ್ತಿದ್ದಳು.

ಒಂದು ರವಿವಾರ ಅವಳು ಮೆಣಸಿನಕಾಯಿ ಕುಟ್ಟಿಸುವ ಗಿರಣಿಗೆ ಹೋಗಿದ್ದಳು. ಮಶಿನು ಕೆಟ್ಟು ಅಲ್ಲೇ ತಡವಾಯಿತು. ಸ್ಕಾರ್ಫ್ ಸುತ್ತಿಕೊಂಡು ಮನೆಗೆ ಬಂದಾಗ ಎರಡು ದಾಟಿತ್ತು. ಗಂಡ, ಮೈದುನ ಟಿವಿಯಲ್ಲಿ ಕ್ರಿಕೆಟ್ ನೋಡುತ್ತಿದ್ದರು. ಮಾವನವರು ಮಲಗಿದ್ದರು. ಸಪ್ನಾಳ ಕೋಣೆಯ ಬಾಗಿಲು ಹಾಕಿತ್ತು. ಚನ್ನಬಸವ್ವ ದಿವಾನದ ಮೇಲೆ ಕಾಲು ಚಾಚಿ ಕೂತು ಬೀಸಣಿಕೆ ಬೀಸಿಕೊಳ್ಳುತ್ತಿದ್ದಳು.

"ಶಿವಾನಿ ಎಲ್ಲಿ?"

"ಗಚ್ಚಿ ಮ್ಯಾಲ ಅದಾಳ," ಎಂದಳು ಚನ್ನಬಸವ್ವ. "ರಜಾ ಅದ, ಕುಂತ ಏನ ಮಾಡ್ತಾಳ? ಅಕೀಗೇನ ಆಗಂಗಿಲ್ಲ ಬಿಡು, ನಿನ್ನ ಬಣ್ಣನ ಬಂದದ."

ಗೌರಾಬಾಯಿ ಮೆಟ್ಟಿಲುಗಳನ್ನು ಓಡಿ ಹತ್ತಿದಳು. ಗಚ್ಚಿಯ ಕಬ್ಬಿಣದ ಬಾಗಿಲು ಕೈ ಸುಟ್ಟಿತು. ನೀರಿನ ಟಾಕಿಯ ಪಕ್ಕದಲ್ಲಿ, ಒಂದು ಗೇಣು ನೆರಳಿಗೆ ಬೆನ್ನು ಹಚ್ಚಿ ಶಿವಾನಿ ಕುಕ್ಕರಗಾಲಲ್ಲಿ ಕೂತಿದ್ದಳು. ಕೈಯಲ್ಲಿ ಪಾರಿವಾಳ ಓಡಿಸುವ ಕೋಲು. ತುಟಿಗಳು ಒಡೆದಿದ್ದವು. ಪಕ್ಕದಲ್ಲಿ ವಾಂತಿ ಮಾಡಿಕೊಂಡಿದ್ದಳು.

"ಯಾವಾಗ ಬಂದಿ ಇಲ್ಲಿ?"

"ಉಂಡ ಕೂಡಲೆ. ಅಜ್ಜಿ ಕೆಳಗ ಬರಬ್ಯಾಡ ಅಂದ್ಲು. ತಲಿ ನೋಯ್ತದ ಅವ್ವ."

ಗೌರಾಬಾಯಿ ಮಗಳ ಕುತ್ತಿಗೆಯ ಹಿಂಭಾಗಕ್ಕೆ ಕೈ ಇಟ್ಟಳು. ಹುಡುಗಿ ಅಯ್ಯೋ ಎಂದು ಚೀರಿ ಸರಿದಳು. ಚರ್ಮ ಹಂಚಿನ ಹಾಗೆ ಕಾದಿತ್ತು. ಕೆಂಪಿನ ಸುಳಿವೂ ಇರಲಿಲ್ಲ. ದಿನದಂತೆ ಕಪ್ಪಗೆ, ಏನೂ ಆಗದವಳಂತೆ ಕಾಣುತ್ತಿದ್ದಳು.

ಮಗಳನ್ನು ತಬ್ಬಿ ಇಳಿಸಿ ತಂದು ಬಚ್ಚಲಿಗೆ ಕರೆದೊಯ್ದು ತಣ್ಣೀರು ಸುರಿದಳು. ಸದ್ದಿಗೆ ಎದ್ದು ಬಂದ ಸಪ್ನಾಳ ಕೈಗೆ ಅವಳನ್ನು ಒಪ್ಪಿಸಿ, "ನೀರಾಗ ಉಪ್ಪು ಸಕ್ಕರಿ ಹಾಕಿ ಕುಡಸು," ಎಂದಳು. ಮತ್ತೆ ಗಚ್ಚಿ ಹತ್ತಿದಳು.

ಮೊದಲು ಇಳಿದು ಬಂದದ್ದು ಅರ್ಧ ಒಣಗಿದ ಶಾಬು ಸಂಡಿಗೆಯ ಹಾಳೆ. ಅದನ್ನು ಎರಡೂ ಕೈಯಲ್ಲಿ ಎಳೆದು ತಂದು ಟಿವಿಯ ಮುಂದೆ ಹಾಸಿದಳು. ಎರಡನೆಯದು ಊಟದ ಮೇಜಿನ ಮೇಲೆ ಬಿತ್ತು. ಮೂರನೆಯ ಸಲ ಮೆಣಸಿನಕಾಯಿಯ ಗೋಣಿತಟ್ಟು ತಂದು, ಅತ್ತೆ ಕೂತಿದ್ದ ದಿವಾನದ ಮೇಲೆಯೇ, ಅವಳ ಕಾಲ ಬಳಿ ಸುರಿದಳು. ತಲೆಯ ಮೇಲೆ ಫ್ಯಾನು ಗಿರಗಿರ ತಿರುಗುತ್ತಿತ್ತು. ಒಣಬೀಜಗಳು ಕೋಣೆಯ ತುಂಬ ಹಾರಿದವು. ರೋಹಿತ ಸೀನಲು ಶುರುಮಾಡಿದ.

"ವೈನಿ! ಏನ ಮಾಡ್ಲಿಕತ್ತೀರಿ?"

"ಸಂಡಿಗಿ ಒಣಗಸ್ಲಿಕತ್ತೀನಿ. ಬಿಸಲ ಮನ್ಯಾಗ ಬರಂಗಿಲ್ಲಂತ, ಫ್ಯಾನಿನ ಗಾಳೀಗೆ ಒಣಗ್ತಾವೇನ ನೋಡೂಣು."

"ಹುಚ್ಚ ಹಿಡದದೇನ ನಿನಗ?" ಚನ್ನವೀರ ಎದ್ದು ಅವಳ ರಟ್ಟೆ ಹಿಡಿದ. "ಅವ್ವನ ಮೈಮ್ಯಾಲ ಮೆಣಸಿನಕಾಯಿ ಹಾಕ್ತಿ?"

"ಕೈ ಬಿಡ್ರಿ. ಒಳಗ ಹೋಗಿ ಮಗಳ ಕುತ್ತಿಗಿ ಮುಟ್ಟಿ ನೋಡಿ ಬರ್ರಿ. ಆಮ್ಯಾಲೆ ನನಗ ಹುಚ್ಚ ಹಿಡದದೋ ಇಲ್ಲೋ ಹೇಳ್ರಿ."

"ಒಂದ ತಾಸ ಕೂತ್ರ ಏನಾತವಾ..." ಎಂದು ಚನ್ನಬಸವ್ವ ಕೆಮ್ಮುತ್ತ ಶುರುಮಾಡಿದಳು.

"ನನ್ನ ಮಾರಿ ತಗೊಂಡ್ರಿ, ಸುಮ್ನಿದ್ದೆ," ಗೌರಾಬಾಯಿಯ ಧ್ವನಿ ಇಳಿಯಲಿಲ್ಲ. "ಮಗಳ ಮಾರಿ ಕೊಡಂಗಿಲ್ಲ. ಕರಿ ಇದ್ದವರಿಗೆ ನೋವಾಗಂಗಿಲ್ಲಂತ ಯಾರ ಹೇಳ್ಯಾರ ನಿಮಗ? ನನ್ನ ಯಾರರ ಕೇಳೀರೇನ? ಹದಿನಾಕ ವರ್ಷದಾಗ ಒಬ್ಬರರ ಕೇಳೀರಿ?"

ಚನ್ನವೀರ ಬಚ್ಚಲಿನ ಕಡೆ ಹೋದ. ಒಳಗಿನಿಂದ ಮಗಳು ಮತ್ತೊಮ್ಮೆ ಚೀರಿದ್ದು ಕೇಳಿಸಿತು. ಹೊರಗೆ ಬಂದವನು ಅಮ್ಮನ ಮುಖವನ್ನೂ ನೋಡಲಿಲ್ಲ, ಹೆಂಡತಿಯ ಮುಖವನ್ನೂ ನೋಡಲಿಲ್ಲ. ಟಿವಿ ಬಂದ್ ಮಾಡಿದ.

ಶಿವಾನಿಗೆ ಎರಡು ದಿನ ಜ್ವರವಿತ್ತು. ಆಮೇಲೆ ಕುತ್ತಿಗೆಯ ಚರ್ಮ ಸಿಪ್ಪೆಸಿಪ್ಪೆಯಾಗಿ ಎದ್ದಿತು. ಸಂಡಿಗೆ ಹುಳಿ ವಾಸನೆ ಹಿಡಿದು ತಿಪ್ಪೆ ಸೇರಿತು. ಚನ್ನಬಸವ್ವ ಹಿರಿಸೊಸೆಯ ಕೈಯ ಅನ್ನ ಮುಟ್ಟುವುದಿಲ್ಲವೆಂದು ತನ್ನಷ್ಟಕ್ಕೆ ಸಣ್ಣ ಬೋಗುಣಿಯಲ್ಲಿ ನುಚ್ಚು ಬೇಯಿಸಿಕೊಂಡಳು. ಗೌರಾಬಾಯಿ ಅದಕ್ಕೂ ಬೇಡವೆನ್ನಲಿಲ್ಲ, ಒಲೆಯ ಇನ್ನೊಂದು ಬರ್ನರು ಬಿಟ್ಟುಕೊಟ್ಟಳು. ಚನ್ನವೀರ ಹೆಂಡತಿಯೊಡನೆ ಮಾತು ಬಿಟ್ಟಿದ್ದ. ಆದರೆ ದಿನಾ ಸಂಜೆ ಮಗಳ ಕುತ್ತಿಗೆಗೆ ಮುಲಾಮು ಹಚ್ಚುವ ಕೆಲಸವನ್ನು ತಾನೇ ವಹಿಸಿಕೊಂಡ.

ಒಂದು ರಾತ್ರಿ ಪಾತ್ರೆ ತೊಳೆಯುವಾಗ ಸಪ್ನಾ ಮೆಲ್ಲಗೆ ಅಂದಳು: "ಅಕ್ಕಾ, ಶಿವಾನಿ ಮ್ಯಾಲ ಇದ್ದದ್ದು ನನಗ ಖರೇನ ಗೊತ್ತಿರಲಿಲ್ಲ."

"ನಾ ಮ್ಯಾಲಿದ್ದದ್ದು ಗೊತ್ತಿತ್ತಲಾ."

ಸಪ್ನಾಳ ಕಣ್ಣಲ್ಲಿ ನೀರು ತುಂಬಿತು. "ಅತ್ತ್ಯಾರ ಬ್ಯಾಡ ಅಂತಿದ್ರು..."

"ಅವರ ಬ್ಯಾಡ ಅಂದ್ರು, ನಿನಗ ಛಲೋ ಆತು. ಅಷ್ಟ. ಅಳಬ್ಯಾಡ, ತಾಟ ಒರಸು."

ಮೇ ಮುಗಿಯಲು ಬಂದಿತ್ತು. ಮಳೆಗೆ ಮೊದಲು ಆರ್ಡರು ಮುಟ್ಟಿಸದಿದ್ದರೆ ಮುಂದಿನ ವರ್ಷ ಬೇರೆಯವರನ್ನು ನೋಡಿಕೊಳ್ಳುತ್ತೇವೆಂದು ಮೋಹನದಾಸ್ ಫೋನು ಮಾಡಿದರು. ಅಂದು ಈರಬಸಪ್ಪನವರು ಟೊಪ್ಪಿಗೆ ಹಾಕಿಕೊಂಡು ಬಸ್ಸು ಹತ್ತಿ ಪೇಟೆಗೆ ಹೋದರು. ಸಂಜೆ ಬಂದಾಗ ಬಗಲಲ್ಲಿ ಹಸಿರು ನೈಲಾನ್ ಬಲೆಯ ಸುರುಳಿ ಇತ್ತು.

"ನಾಳಿ ಸೂರ್ಯಾ ಹುಟ್ಟೂಕಿಂತ ಮೊದಲ ಎಲ್ಲಾರೂ ಮ್ಯಾಲ ಬರಬೇಕು," ಎಂದರು. "ಎಲ್ಲಾರೂ ಅಂದ್ರ ಎಲ್ಲಾರೂ. ರೋಹಿತ, ನೀನೂ."

"ನಾನ್ಯಾಕ್ರಿ ಅಪ್ಪಾ?"

"ಕರಂ ಕುರಂ ಅಂತ ತಿಂತಿಯಲಾ, ಅದಕ್ಕ."

ಮರುದಿನ ಇನ್ನೂ ಮಬ್ಬುಗತ್ತಲಿದ್ದಾಗಲೇ ಏಳೂ ಜನ ಗಚ್ಚಿಯ ಮೇಲಿದ್ದರು. ಗೌರಾಬಾಯಿ ಹಿಟ್ಟಿನ ಹದ ನೋಡಿಕೊಟ್ಟಳು. ಸಪ್ನಾ, ಶಿವಾನಿ ಸಂಡಿಗೆ ಇಟ್ಟರು. ಚನ್ನವೀರ, ರೋಹಿತ ನಾಲ್ಕು ಮೂಲೆಗೆ ಇಟ್ಟಿಗೆ ಪೇರಿಸಿ, ಕೋಲು ನಿಲ್ಲಿಸಿ, ಬಲೆ ಬಿಗಿದರು. ಹಾಳೆಯ ಮೇಲೆ ಒಂದು ಮೊಳ ಎತ್ತರಕ್ಕೆ ಬಲೆ ನಿಂತಿತು. ಅಷ್ಟರಲ್ಲಿ ಬಂದ ಎರಡು ಪಾರಿವಾಳ ಅದರ ಮೇಲೆ ಕೂತು, ಕೆಳಗೆ ಇಣುಕಿ, ದಾರಿ ಕಾಣದೆ ಹಾರಿಹೋದವು. ಇನ್ನು ಯಾರೂ ಬಿಸಿಲಲ್ಲಿ ಕಾಯುವ ಹಾಗಿರಲಿಲ್ಲ. ಇಳಿಹೊತ್ತಿನಲ್ಲಿ ಬಂದು ಮಗುಚಿ ಹೋದರೆ ಸಾಕಿತ್ತು.

ಚನ್ನಬಸವ್ವ ಸೊಂಟದ ಮೇಲೆ ಕೈಯಿಟ್ಟು ನಿಂತು ನೋಡಿದಳು. ಇಷ್ಟು ದಿನದಲ್ಲಿ ಮೊದಲ ಸಲ ಹಿರಿಸೊಸೆಗೆ ಮುಖ ಕೊಟ್ಟು ಮಾತಾಡಿದಳು.

"ನೋಡ, ಎಷ್ಟ ಸಸಾರ ಆತು. ಇಷ್ಟಕ್ಕ ಓಣಿಗೆಲ್ಲಾ ಕೇಳೂವಂಗ ರಂಪ ಮಾಡಿದಿ."

ಗೌರಾಬಾಯಿ ಹಿಟ್ಟಿನ ಕೈ ತೊಳೆದುಕೊಳ್ಳುತ್ತಿದ್ದಳು. ತೊಳೆಯುವುದನ್ನು ನಿಲ್ಲಿಸಿ ಬಲೆಯನ್ನು ನೋಡಿದಳು, ಮೈಮೇಲಿನ ಇಟ್ಟಿಗೆ ಧೂಳು ಝಾಡಿಸಿಕೊಳ್ಳುತ್ತಿದ್ದ ಗಂಡನನ್ನು ನೋಡಿದಳು. ಕೆನ್ನೆಯ ಉರಿ ಆ ವಾರ ಇಳಿದಿತ್ತು, ಬಂಗು ಇದ್ದಲ್ಲೇ ಇತ್ತು. ಎದೆಯೊಳಗೆ ಎದ್ದ ಬೆಂಕಿ ಮಾತ್ರ ಮೆಣಸಿನಕಾಯಿ ಸುರಿದ ದಿನಕ್ಕಿಂತ ದೊಡ್ಡದಿತ್ತು.

"ಇಷ್ಟ ಸಸಾರ ಇತ್ತಲ್ರಿ ಅತ್ತ್ಯಾರ," ಎಂದಳು. "ಅದಕ್ಕ ನನಗ ಸಿಟ್ಟು."

ಚನ್ನವೀರ ತಲೆ ತಗ್ಗಿಸಿ ಗಂಟು ಬಿಗಿದಿದ್ದ ದಾರವನ್ನೇ ಮತ್ತೊಮ್ಮೆ ಬಿಗಿದ. ಪಕ್ಕದ ಕಟ್ಟಡದ ಮೇಲಿಂದ ಬಿಸಿಲಿನ ಮೊದಲ ಪಟ್ಟಿ ಗಚ್ಚಿಗೆ ಇಳಿಯಿತು.

"ಶಿವಾನಿ, ನಡಿ ಕೆಳಗ," ಎಂದಳು ಗೌರಾಬಾಯಿ. "ಹಿಟ್ಟಿನ ಪಾತ್ರಿ ಅವರು ತರ್ತಾರ."

ಮಗಳನ್ನು ಮುಂದೆ ಮಾಡಿಕೊಂಡು ಅವಳು ಇಳಿದುಹೋದಳು. ಹಿಟ್ಟು ಮೆತ್ತಿದ ದೊಡ್ಡ ಪಾತ್ರೆ ಸ್ವಲ್ಪ ಹೊತ್ತು ಗಚ್ಚಿಯ ನಡುವೆಯೇ ಉಳಿದಿತ್ತು. ಕೊನೆಗೆ ಚನ್ನವೀರ ಅದನ್ನು ಹೆಗಲಿಗೇರಿಸಿಕೊಂಡು ಮೆಟ್ಟಿಲ ಕಡೆ ನಡೆದ.